ಮೆಕ್ಸಿಕೋ ದೇಶದ ಜನಪದ ಗೀತನೃತ್ಯಗಳೂ ಬ್ಯಾಂಡು ಸಂಗೀತವೂ

ಕಳೆದ ಅವಧಿಯಲ್ಲಿ ಮೇಲಿನ ತರಗತಿಯ ವಿದ್ಯಾರ್ಥಿನಿಯರಿಗೆ ಸಂಗೀತದ ಪಾಠದ ಹೊತ್ತಿನಲ್ಲಿ ಒಂದು ಧ್ವನಿಮುದ್ರಿಕೆಯನ್ನು ಕೇಳಿಸಿದೆವು. ಮೊದಲು ದೇವಾಲಯದ ಗಂಟೆಗಳ ನಾದ. ಅದರ ಬೆನ್ನಿಗೇ ಬಾಣಬಿರುಸಿನಂಥ ಆರ್ಭಟ. ಆಮೇಲೆ ರಾತ್ರಿಯ ಮೌನವನ್ನು ನೆನಪಿಗೆ ತರುವ ಮಂದಸ್ವರಗಳು. ಆ ಬಳಿಕ ಎಲ್ಲಿಯೋ ದೂರದ ಬೀದಿಯಲ್ಲಿ ಹೋಗುತ್ತಿರುವ ಮೆರವಣಿಗೆಯ ವಾದ್ಯ. ಹುಡುಗಿಯರು ಕಿವಿಗೊಟ್ಟು ಕೇಳಿದರು. ಮುಗಿದ ಮೇಲೆ ಒಬ್ಬಳು ಎದ್ದು ನಿಂತು, "ಅಮ್ಮಾ, ಇದು ದೇವಾಲಯದ ಸಂಗೀತವೋ, ಜಾತ್ರೆಯ ಸಂಗೀತವೋ?" ಎಂದು ಕೇಳಿದಳು. ಪ್ರಶ್ನೆಯು ಬಹು ಒಳ್ಳೆಯದು. ಆದರೆ ಗಂಟೆ ಹೊಡೆದುಹೋದ ಕಾರಣ ಅಂದು ನಾವು ಅರ್ಧ ಉತ್ತರವನ್ನು ಮಾತ್ರ ಕೊಟ್ಟೆವು. ಮಿಕ್ಕದ್ದನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯುತ್ತೇವೆ.

ಆ ಕೃತಿಯ ಹೆಸರು 'ಲಾ ಫಿಯೆಸ್ಟಾ ಮೆಹಿಕಾನಾ', ಅಂದರೆ ಮೆಕ್ಸಿಕೋ ದೇಶದ ಹಬ್ಬ. ಅದನ್ನು ೧೯೪೯ರಲ್ಲಿ ರಚಿಸಿದವರು ಅಮೆರಿಕದ ಸಂಯುಕ್ತ ಸಂಸ್ಥಾನಗಳವರಾದ ಎಚ್. ಓವನ್ ರೀಡ್ ಎಂಬ ಸಂಗೀತಾಧ್ಯಾಪಕರು. ಅದು ಬ್ಯಾಂಡಿಗಾಗಿಯೇ ಬರೆದ ಕೃತಿ. ಬ್ಯಾಂಡು ಎಂದ ಕೂಡಲೇ ನಮ್ಮ ಜನರಿಗೆ ಮದುವೆಯ ಮೆರವಣಿಗೆಯೂ ಪೊಲೀಸರ ಕವಾಯತೂ ನೆನಪಿಗೆ ಬರುವವು. ಇಲ್ಲಿ ಹೇಳುವ ಬ್ಯಾಂಡು ನಡೆಯುವದಿಲ್ಲ. ಸಭಾಂಗಣದಲ್ಲಿ ಕುಳಿತು ನುಡಿಸುವದು. ಕೊಳಲು, ಕ್ಲಾರಿನೆಟ್, ಓಬೋ, ಸ್ಯಾಕ್ಸೋಫೋನ್ ಮುಂತಾದ ಊದುವ ವಾದ್ಯಗಳು, ತುತ್ತೂರಿ, ಕೊಂಬು, ಟ್ರಾಂಬೋನ್, ಟ್ಯೂಬಾ ಮುಂತಾದ ಹಿತ್ತಾಳೆಯ ವಾದ್ಯಗಳು, ಇವುಗಳ ಹಿಂದೆ ಬಗೆಬಗೆಯ ಡೋಲು, ತಾಳ, ಗಂಟೆಗಳು. ಪಿಟೀಲುಗಳ ಸಾಲು ಇದರಲ್ಲಿ ಇರುವದಿಲ್ಲ. ಈ ಕೊನೆಯ ಮಾತನ್ನು ನೆನಪಿನಲ್ಲಿಡಬೇಕು, ಯಾಕಂದರೆ ಮುಂದೆ ಬರುವ ಕಷ್ಟವೆಲ್ಲಾ ಅದರಿಂದಲೇ ಹುಟ್ಟುವದು.

ಮೆಕ್ಸಿಕೋದ ಸಂಗೀತವನ್ನು ತಿಳಿಯಬೇಕಾದರೆ ಸ್ವಲ್ಪ ಚರಿತ್ರೆಯನ್ನು ನೋಡುವದು ಅವಶ್ಯ. ಸ್ಪೇನ್ ದೇಶದವರು ಅಸ್ತೆಕ್ ಜನರ ರಾಜಧಾನಿಯನ್ನು ಹಿಡಿದದ್ದು ೧೫೨೧ರಲ್ಲಿ. ಅದಕ್ಕೆ ಮೊದಲು ಆ ಜನರಿಗೆ ಎರಡು ಮುಖ್ಯ ಚರ್ಮ-ಮರದ ವಾದ್ಯಗಳಿದ್ದವು. ಒಂದು, ನಿಲ್ಲಿಸಿ ಬಾರಿಸುವ ಉದ್ದನೆಯ ಡೋಲು. ಅದಕ್ಕೆ ವೇವೇತ್ಲ್ ಎಂದು ಹೆಸರು. ಇನ್ನೊಂದು, ಮರದ ದಿಮ್ಮಿಯನ್ನು ಟೊಳ್ಳು ಮಾಡಿ, ಮೇಲೆ ಎರಡು ನಾಲಿಗೆಗಳನ್ನು ಕೊರೆದು, ಕೋಲಿನಿಂದ ಬಡಿಯುವ ತೆಪೊನಾಸ್ತ್ಲಿ. ಇವು ದೇವರ ಮುಂದೆ ನುಡಿಯತಕ್ಕ ವಾದ್ಯಗಳಾಗಿದ್ದವು. ೧೫೨೩ರಲ್ಲಿ ಪೇದ್ರೋ ದೆ ಗಾಂತೆ ಎಂಬ ಫ್ರಾನ್ಸಿಸ್ಕನ್ ಸಹೋದರನು ಅಲ್ಲಿಗೆ ಬಂದು, ಆ ಜನರ ಭಾಷೆಯನ್ನು ಕಲಿತು, ಅವರ ಮಕ್ಕಳಿಗೆ ಶಾಲೆಯನ್ನು ತೆರೆದನು. ಓದು ಬರಹದ ಸಂಗಡ ಹಾಡುವದನ್ನೂ ವಾದ್ಯ ಮಾಡುವದನ್ನೂ ಕಲಿಸಿದನು. ಮಕ್ಕಳು ಎಷ್ಟು ಬೇಗನೆ ಕಲಿತರೆಂದರೆ, ಮೂವತ್ತು ವರ್ಷ ತುಂಬುವಷ್ಟರಲ್ಲಿಯೇ ದೇವಾಲಯಗಳಲ್ಲಿ ವಾದ್ಯಗಾರರು ಮಿತಿಮೀರಿ ಹೆಚ್ಚಿದರೆಂದು ೧೫೫೫ರ ಸಭಾಧ್ಯಕ್ಷರ ಸಮ್ಮೇಳನವು ವಾದ್ಯಗಳಿಗೆ ಕಟ್ಟುಪಾಡು ಹಾಕಬೇಕಾಯಿತು! ಉಪಾಧ್ಯಾಯಿನಿಯರಾದ ನಮಗೆ ಇಂಥಾ ದೂರು ಯಾವಾಗ ಬಂದೀತೋ ಎಂದು ಆಸೆಯಾಗುತ್ತದೆ.

ಹಳೆಯ ನೃತ್ಯದ ಗತಿ ಏನಾಯಿತು? ಬೋಧಕರು ಕೆಲವನ್ನು ನಿಷೇಧಿಸಿದರು, ಕೆಲವನ್ನು ಸಹಿಸಿದರು. ಸಹಿಸಲ್ಪಟ್ಟದ್ದು ದೇವಾಲಯದ ಅಂಗಳಕ್ಕೆ ಬಂದು ನಿಂತಿತು. ಈಗಲೂ ಪರಿಶುದ್ಧರ ಹಬ್ಬಗಳಲ್ಲಿ ದೇವಾಲಯದ ಮುಂದೆ ಗರಿಗಳ ಕಿರೀಟವನ್ನಿಟ್ಟು ಕುಣಿಯುವ ಕೊಂಚೆರೋ ಎಂಬ ಮೇಳಗಳುಂಟು. ಆರ್ಮಡಿಲ್ಲೋ ಎಂಬ ಪ್ರಾಣಿಯ ಚಿಪ್ಪಿನಿಂದ ಮಾಡಿದ ತಂತಿವಾದ್ಯವನ್ನು ಮೀಟುತ್ತಾ ಅವರು ಕುಣಿಯುವರು. ಅವರ ಕಾಲಿಗೆ ಒಣಗಿದ ಗಟ್ಟಿ ಕಾಯಿಗಳ ಸರವಿರುವದು. ಹೆಜ್ಜೆ ಹಾಕಿದಾಗ ಅದು ನಮ್ಮ ಗೆಜ್ಜೆಯ ಕೆಲಸವನ್ನು ಮಾಡುವದು, ಆದರೆ ಧ್ವನಿಯು ಲೋಹದ್ದಲ್ಲ, ಮಳೆ ಸುರಿದಂಥಾದ್ದು.

ಇದು ಒಂದು ಪದರ. ಎರಡನೆಯದು ಸ್ಪೇನಿನಿಂದ ಬಂದ ಪಿಟೀಲು, ಗಿಟಾರು, ಹಾರ್ಪುಗಳು ಹಳ್ಳಿಗಳಲ್ಲಿ ಬೇರೂರಿ, ಆಫ್ರಿಕದಿಂದ ದಾಸರಾಗಿ ತರಲ್ಪಟ್ಟವರ ತಾಳದೊಡನೆ ಬೆರೆತು ಹುಟ್ಟಿದ 'ಸೋನ್' ಎಂಬ ಹಾಡು-ಕುಣಿತ. ಹಲಿಸ್ಕೋ ಪ್ರಾಂತ್ಯದ ಸೋನ್ ಒಂದು ಬಗೆ, ವೆರಾಕ್ರೂಸ್ ಕರಾವಳಿಯದು ಇನ್ನೊಂದು ಬಗೆ. ಮರಿಯಾಚಿ ಎಂಬ ಮೇಳವು ನುಡಿಸುವದು ಮುಖ್ಯವಾಗಿ ಹಲಿಸ್ಕೋ ಕಡೆಯ ಸೋನ್‌ಗಳನ್ನೇ. ಇಂದು ಮರಿಯಾಚಿ ಎಂದರೆ ತುತ್ತೂರಿಯೇ ಕಿವಿಗೆ ಬೀಳುವದಾದರೂ, ಹಿಂದೆ ಅದು ಕೇವಲ ತಂತಿವಾದ್ಯಗಳ ಮೇಳವಾಗಿತ್ತು. ತುತ್ತೂರಿಯು ಅದರಲ್ಲಿ ನೆಲೆಗೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ.

ಈ ಸೋನ್‌ಗಳ ತಾಳವನ್ನು ವಿದ್ಯಾರ್ಥಿನಿಯರು ಕೈಯಿಂದಲೇ ಕಲಿಯತಕ್ಕದ್ದು, ಓದಿ ತಿಳಿಯುವದಲ್ಲ. ಆರು ಮಾತ್ರೆಗಳನ್ನು ತೆಗೆದುಕೊಳ್ಳಿರಿ. ಒಂದು ಸಾರಿ 'ತಕಿಟ ತಕಿಟ' ಎಂದು ಎರಡು ಭಾಗ ಮಾಡಿ ಚಪ್ಪಾಳೆ ತಟ್ಟಿರಿ. ಮತ್ತೊಂದು ಸಾರಿ ಅದೇ ಆರನ್ನು 'ತಕ ತಕ ತಕ' ಎಂದು ಮೂರು ಭಾಗ ಮಾಡಿ ತಟ್ಟಿರಿ. ಈಗ ನಿಲ್ಲಿಸದೆ ಒಂದಾದ ಮೇಲೊಂದನ್ನು ತಟ್ಟುತ್ತಾ ಹೋಗಿರಿ. ಮಾತ್ರೆಯ ವೇಗವು ಬದಲಾಗಲಿಲ್ಲ, ಆದರೂ ಪೆಟ್ಟು ಬೀಳುವ ಸ್ಥಾನ ಬದಲಾಗಿ ಹೆಜ್ಜೆ ಎಡವಿದಂತಾಗಿ ತಿರುಗಿ ಎದ್ದು ನಿಂತಂತಾಗುವದು. ಇನ್ನು ತರಗತಿಯನ್ನು ಎರಡು ಗುಂಪು ಮಾಡಿ, ಒಬ್ಬರು ಮೊದಲನೆಯದನ್ನೂ ಇನ್ನೊಬ್ಬರು ಎರಡನೆಯದನ್ನೂ ಒಂದೇ ಕಾಲದಲ್ಲಿ ತಟ್ಟಿದರೆ ಮೆಕ್ಸಿಕೋದ ಹಳ್ಳಿಯ ಮೇಳವು ಕಣ್ಣಮುಂದೆ ನಿಲ್ಲುವದು. ನಮ್ಮ ಹುಡುಗಿಯರಿಗೆ ಇದು ಹತ್ತು ನಿಮಿಷದಲ್ಲಿ ಬಂತು. ನಮಗೆ ಮಾತ್ರ ಒಂದು ವಾರ ಹಿಡಿಯಿತು.

ಅಲ್ಲಿ ಈ ತಾಳವನ್ನು ಹಿಡಿಯುವದು ಕೈಯಲ್ಲ, ಕಾಲು. ಕುಣಿಯುವವರು ಮರದ ಹಲಗೆಯ ಮೇಲೆ ನಿಂತು, ಗಟ್ಟಿ ಹಿಮ್ಮಡಿಯ ಪಾದರಕ್ಷೆಯಿಂದ ಅದನ್ನು ಬಡಿಯುವರು. ಹಲಗೆಯೇ ಡೋಲು. ವೆರಾಕ್ರೂಸಿನ ಕುಣಿತಕ್ಕಿರುವ 'ವಪಾಂಗೋ' ಎಂಬ ಹೆಸರು 'ಮರದ ಮೇಲೆ' ಎಂಬರ್ಥದ ಅಸ್ತೆಕ್ ಮಾತಿನಿಂದ ಬಂತೆಂದು ಅನೇಕರು ಹೇಳುವರು. ಆದಕಾರಣ ಈ ಸಂಗೀತದಿಂದ ಹೆಜ್ಜೆಯನ್ನು ತೆಗೆದುಹಾಕಿ ರಾಗವನ್ನು ಮಾತ್ರ ಬರೆದುಕೊಂಡರೆ ಅರ್ಧವನ್ನು ಬಿಟ್ಟುಬಂದಂತೆಯೇ.

ಕುಣಿತದ ಮಾತು ಬಂದದ್ದರಿಂದ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುತ್ತೇವೆ. ಹಲಿಸ್ಕೋ ಪ್ರಾಂತ್ಯದ 'ಹರಾಬೇ ತಪತಿಯೋ' ಎಂಬ ನೃತ್ಯವು ಇಂದು ಆ ದೇಶದ ಶಾಲೆಗಳಲ್ಲೆಲ್ಲಾ ಕಲಿಸಲ್ಪಡುವದು. ರಷ್ಯಾ ದೇಶದ ಪ್ರಸಿದ್ಧ ನರ್ತಕಿ ಆನ್ನಾ ಪಾವ್ಲೋವಾ ೧೯೧೯ರಲ್ಲಿ ಮೆಕ್ಸಿಕೋ ನಗರಕ್ಕೆ ಬಂದಾಗ ಇದನ್ನು ತನ್ನ ರೀತಿಯಲ್ಲಿ ಕಾಲ್ಬೆರಳ ತುದಿಯ ಮೇಲೆ ನಿಂತು ಆಡಿ ತೋರಿಸಿದಳು. ಈ ನೃತ್ಯದಲ್ಲಿ ಹೆಂಗಸರು ಉಡುವ ಮಿನುಗು ಕಸೂತಿಯ ಲಂಗಕ್ಕೆ 'ಚೀನಾ ಪೊಬ್ಲಾನಾ' ಎಂದು ಹೆಸರು. ಪುಯೆಬ್ಲಾ ನಗರದ ಪೂರ್ವದೇಶದವಳು ಎಂದು ಅದರ ಅರ್ಥ. ಆ ಹೆಸರಿಗೆ ಕಾರಣಳೆಂದು ಜನರು ಹೇಳುವವಳು ನಮ್ಮ ದೇಶದಲ್ಲಿ ಹುಟ್ಟಿದ ಒಬ್ಬ ಹುಡುಗಿ! ಪೋರ್ಚುಗೀಸರು ಅವಳನ್ನು ಚಿಕ್ಕವಳಿರುವಾಗಲೇ ಅಪಹರಿಸಿ ಕೊಚ್ಚಿಗೆ ತಂದರು. ಅಲ್ಲಿ ಅವಳಿಗೆ ದೀಕ್ಷಾಸ್ನಾನವಾಗಿ ಕತರೀನಾ ದೆ ಸಾನ್ ಹ್ವಾನ್ ಎಂಬ ಹೆಸರಾಯಿತು. ಮನಿಲಾದ ಮಾರ್ಗವಾಗಿ ಹಡಗಿನಲ್ಲಿ ಮೆಕ್ಸಿಕೋಕ್ಕೆ ಸಾಗಿಸಲ್ಪಟ್ಟು, ಪುಯೆಬ್ಲಾದ ಒಂದು ಮನೆಗೆ ದಾಸಿಯಾಗಿ ಮಾರಲ್ಪಟ್ಟಳು. ಅವಳ ಭಕ್ತಿಯನ್ನು ನೋಡಿ ಊರಿನವರು ಅವಳನ್ನು ಪರಿಶುದ್ಧಳೆಂದು ಎಣಿಸಿದರು, ೧೬೮೮ರಲ್ಲಿ ತೀರಿಕೊಂಡಳು. ಆದರೆ ಆ ಮಿನುಗು ಲಂಗಕ್ಕೂ ಅವಳಿಗೂ ಸಂಬಂಧವಿಲ್ಲವೆಂದೂ, ಉಡುಪು ಬಹು ಕಾಲದ ಮೇಲೆ ಹುಟ್ಟಿದ್ದೆಂದೂ ಚರಿತ್ರಕಾರರು ತೋರಿಸಿದ್ದಾರೆ. ಅವಳು ಉಡುತ್ತಿದ್ದದ್ದು ಬಡವರ ಸಾದಾ ಬಟ್ಟೆಯಷ್ಟೇ. ಕಥೆಯು ಸುಂದರವಾಗಿದೆಯೆಂದು ನಾವು ಅದನ್ನು ನಿಜವೆಂದು ಕಲಿಸಬಾರದು. ಆದರೂ ಒಬ್ಬಳ ದುಃಖದ ಜೀವನವು ಜನರ ನೆನಪಿನಲ್ಲಿ ಕುಣಿತದ ಉಡುಪಾಗಿ ಉಳಿಯಿತೆಂಬದು ನಮ್ಮನ್ನು ಯೋಚನೆಗೆ ಹಚ್ಚುತ್ತದೆ.

ಈಗ ಬ್ಯಾಂಡಿಗೆ ಬರೋಣ. ಪಿಟೀಲು, ಗಿಟಾರು, ಹಲಗೆಯ ಮೇಲಿನ ಹಿಮ್ಮಡಿ, ಇವುಗಳ ಸಂಗೀತವನ್ನು ಊದುವ ವಾದ್ಯಗಳಿಗೆ ಒಪ್ಪಿಸುವದು ಹೇಗೆ? ಗಿಟಾರಿನ ತಂತಿಗಳನ್ನು ಒಟ್ಟಾಗಿ ಸವರಿದಾಗ ಹುಟ್ಟುವ ಆ ಚುರುಕಾದ ಪೆಟ್ಟನ್ನು ತುಟಿಯಿಂದ ಊದಿ ತರುವದು ಬಹು ಕಷ್ಟ. ಮಾಡಬಹುದಾದದ್ದು ಇಷ್ಟೇ: ಪಿಟೀಲಿನ ಓಟವನ್ನು ಕ್ಲಾರಿನೆಟ್ಟುಗಳಿಗೂ ಕೊಳಲುಗಳಿಗೂ ಹಂಚುವದು; ಗಿಟಾರಿನ ಪೆಟ್ಟನ್ನು ಕೊಂಬುಗಳಿಂದಲೂ ಟ್ರಾಂಬೋನುಗಳಿಂದಲೂ ತುಂಡು ತುಂಡಾಗಿ ನುಡಿಸುವದು; ಕಾಲಿನ ಕೆಲಸವನ್ನು ಡೋಲಿನವರಿಗೆ ಬಿಡುವದು. ತುತ್ತೂರಿಗೆ ಮಾತ್ರ ಯಾವ ಭಾಷಾಂತರವೂ ಬೇಡ. ಮರಿಯಾಚಿಯಲ್ಲಿ ಇರುವ ಹಾಗೆಯೇ ಅದು ಇಲ್ಲಿ ಬಂದು ಕುಳಿತುಕೊಳ್ಳುವದು.

ರೀಡ್ ಅವರು ಗುಗೆನ್‌ಹೈಮ್ ವೇತನವನ್ನು ಪಡೆದು, ೧೯೪೮-೪೯ರ ಕಾಲದಲ್ಲಿ ಮೆಕ್ಸಿಕೋಕ್ಕೆ ಹೋಗಿ, ರಾಜಧಾನಿಯಲ್ಲಿಯೂ ಕ್ವೆರ್ನವಾಕಾ, ಚಪಾಲಾ ಎಂಬ ಊರುಗಳಲ್ಲಿಯೂ ಕೆಲವು ತಿಂಗಳು ವಾಸಿಸಿದರು. ಅವರ ಕೃತಿಯಲ್ಲಿ ಮೂರು ಭಾಗಗಳು. ಮೊದಲನೆಯದರಲ್ಲಿ ಅರ್ಧರಾತ್ರಿಯ ಗಂಟೆ ಹಬ್ಬವನ್ನು ಸಾರುವದು. ದೂರದೂರದಿಂದ ಜನರು ಬಂದು ದೇವಾಲಯದ ಅಂಗಳದಲ್ಲಿ ಕಂಬಳಿ ಹಾಸಿ ಮಲಗುವರು. ಹಗಲಾದ ಮೇಲೆ ಮೆರವಣಿಗೆ, ಆಮೇಲೆ ಗರಿಯ ಕಿರೀಟದವರ ಕುಣಿತ. ದೂರದ ಬ್ಯಾಂಡು ಕೇಳುವದಕ್ಕಾಗಿ ಕೆಲವು ವಾದ್ಯಗಾರರನ್ನು ವೇದಿಕೆಯ ಹೊರಗೆ ನಿಲ್ಲಿಸಿ ನುಡಿಸುವರು. ಎರಡನೆಯದು ಬಲಿಪೂಜೆ. ಪುರಾತನ ಸಭೆಯ ಏಕಸ್ವರ ಗಾನದ ಧಾಟಿಯು ಇಲ್ಲಿ ಬ್ಯಾಂಡಿನ ಉಸಿರಾಗಿ ಬರುವದು. ಮೂರನೆಯದು ಜಾತ್ರೆ: ಸಂತೆ, ಊರೂರು ತಿರುಗುವ ಸರ್ಕಸ್ಸು, ಗೂಳಿಕಾಳಗ, ಊರ ಬ್ಯಾಂಡು, ಕಡೆಗೆ ಮರಿಯಾಚಿ. 'ಎಲ್ ಸೋನ್ ದೆ ಲಾ ನೆಗ್ರಾ' ಎಂಬ ಜನಪ್ರಿಯ ಸೋನ್ ಕೊನೆಯಲ್ಲಿ ಇಡೀ ಬ್ಯಾಂಡನ್ನೇ ಕುಣಿಸಿಬಿಡುವದು.

ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಗೆ ಉತ್ತರವು ಈ ಮೂರು ಭಾಗಗಳ ಕ್ರಮದಲ್ಲಿಯೇ ಇದೆ. ಮೊದಲನೆಯ ಭಾಗದಲ್ಲಿ ಜಾತ್ರೆಯನ್ನು ಕರೆದ ಗಂಟೆಯ ನಾದವೇ ಎರಡನೆಯದರಲ್ಲಿ ಆರಾಧನೆಗೂ ಕರೆಯುವದು. ಕುಣಿದವರೇ ಮೊಣಕಾಲೂರುವರು, ಮೊಣಕಾಲೂರಿದವರೇ ಸಂತೆಗೆ ಹೋಗುವರು. ರೀಡ್ ಅವರು ಆರಾಧನೆಯನ್ನು ಬಿಟ್ಟು ಕುಣಿತವನ್ನು ಮಾತ್ರ ತೆಗೆದುಕೊಂಡಿದ್ದರೆ ಕೇಳುವವರಿಗೆ ಒಂದು ವಿನೋದವಾಗುತ್ತಿತ್ತು, ಹಬ್ಬವಾಗುತ್ತಿರಲಿಲ್ಲ. ಕಥೋಲಿಕ ಸಭೆಯ ಪದ್ಧತಿಗಳಲ್ಲಿ ನಾವು ಒಪ್ಪದವು ಇರಬಹುದು. ಆದರೆ ಈ ಎರಡನೆಯ ಭಾಗವನ್ನು ಕೇಳುವಾಗ ನಮ್ಮ ತರಗತಿಯಲ್ಲಿ ಯಾರೂ ಪಿಸುಗುಟ್ಟಲಿಲ್ಲ.

ಇದಕ್ಕೂ ಮೊದಲೇ ಅಮೆರಿಕದ ಇನ್ನೊಬ್ಬ ಸಂಗೀತಗಾರರಾದ ಆರನ್ ಕೋಪ್ಲಂಡ್ ಎಂಬವರು ಮೆಕ್ಸಿಕೋದಿಂದ ಸಾಲ ತಂದಿದ್ದರು. ೧೯೩೨ರಲ್ಲಿ ಮೆಕ್ಸಿಕೋದ ಸಂಗೀತಗಾರ ಕಾರ್ಲೋಸ್ ಚಾವೆಸ್ ಅವರು ಇವರನ್ನು ರಾಜಧಾನಿಯ 'ಸಲೋನ್ ಮೆಹಿಕೋ' ಎಂಬ ನೃತ್ಯಶಾಲೆಗೆ ಕರೆದುಕೊಂಡುಹೋದರು. ಅಲ್ಲಿ ಜನರ ಅಂತಸ್ತಿಗೆ ತಕ್ಕಂತೆ ಮೂರು ಬೇರೆ ಬೇರೆ ಕೋಣೆಗಳು; ಹೆಂಗಸರ ಕಾಲು ಸುಡದಂತೆ ಉರಿಯುವ ಸಿಗರೇಟಿನ ತುಂಡನ್ನು ನೆಲಕ್ಕೆ ಎಸೆಯಬೇಡಿರೆಂಬ ಬರಹ ಗೋಡೆಯ ಮೇಲೆ! ಬರಿಗಾಲಿನವರೂ ಅಲ್ಲಿ ಕುಣಿಯುತ್ತಿದ್ದರೆಂದು ಇದರಿಂದ ತಿಳಿಯುವದು. ಕೋಪ್ಲಂಡ್ ರಾಗಗಳನ್ನು ಆರಿಸಿದ್ದು ಅಚ್ಚಾದ ಜನಪದ ಗೀತಸಂಗ್ರಹಗಳಿಂದ. ಕೃತಿಯು ೧೯೩೬ರಲ್ಲಿ ಮುಗಿದು, ೧೯೩೭ರಲ್ಲಿ ಮೆಕ್ಸಿಕೋ ನಗರದಲ್ಲಿಯೇ ಚಾವೆಸ್ ಅವರ ನೇತೃತ್ವದಲ್ಲಿ ಮೊದಲು ನುಡಿಸಲ್ಪಟ್ಟಿತು. ಅದು ವಾದ್ಯವೃಂದಕ್ಕೆ ಬರೆದದ್ದು. ಮಾರ್ಕ್ ಹಿಂಡ್ಸ್ಲಿ ಎಂಬವರು ಬ್ಯಾಂಡಿಗೆ ಅಳವಡಿಸಿದರು. ಕೋಪ್ಲಂಡರಲ್ಲಿ ನಾವು ಮೆಚ್ಚುವ ಗುಣವೇನಂದರೆ, ಆ ದೇಶದ ಅಂತರಂಗವನ್ನು ಹೇಳಲು ತಾನು ಹೊರಗಿನವನಾದ್ದರಿಂದ ಅರ್ಹನಲ್ಲವೆಂದೂ, ಪ್ರವಾಸಿಯು ಕಂಡ ಮೆಕ್ಸಿಕೋವನ್ನು ಮಾತ್ರ ಹೇಳುತ್ತೇನೆಂದೂ ಅವರೇ ಒಪ್ಪಿಕೊಂಡರು. ಕೃತಿಯೂ ಹಾಗೆಯೇ ಇದೆ: ಬಹು ಜಾಣತನದ್ದು, ರಾಗಗಳು ಕತ್ತರಿಸಿ ಜೋಡಿಸಲ್ಪಟ್ಟಂಥವು. ಎರಡರಲ್ಲಿ ನಮ್ಮ ಒಲವು ರೀಡ್ ಅವರ ಕಡೆಗೇ.

ಆದರೆ ಇವರಿಬ್ಬರಿಗಿಂತಲೂ ಹೆಚ್ಚಾಗಿ ನಮ್ಮನ್ನು ತಟ್ಟಿದ್ದು ಆ ದೇಶದವರೇ ಆದ ಹೊಸೇ ಪಾಬ್ಲೋ ಮೊಂಕಾಯೋ ಎಂಬವರ ವೃತ್ತಾಂತ. ಈ ತರುಣರು ತಮ್ಮ ಗೆಳೆಯ ಬ್ಲಾಸ್ ಗಲಿಂದೋ ಅವರೊಡನೆ ವೆರಾಕ್ರೂಸ್ ಕರಾವಳಿಯ ಅಲ್ವರಾದೋ ಎಂಬ ಊರಿಗೆ ಹೋಗಿ, ಕೆಲವು ದಿನ ಹಳ್ಳಿಯ ಹಾಡುಗಾರರ ಮುಂದೆ ಕುಳಿತು ಬರೆದುಕೊಂಡರು. ಬರೆಯುವದು ಬಹು ಕಷ್ಟವಾಯಿತಂತೆ. ಯಾಕಂದರೆ ಆ ಹಾಡುಗಾರರು ಒಂದು ರಾಗವನ್ನು ಎರಡು ಸಾರಿ ಒಂದೇ ರೀತಿಯಲ್ಲಿ ಹಾಡುತ್ತಿರಲಿಲ್ಲ. ತಿರುಗಿ ಬಂದು ಹಿರಿಯರಾದ ಕಂದೆಲಾರಿಯೋ ವೀಸಾರ್ ಅವರಿಗೆ ತೋರಿಸಲು, ಅವರು, ಮೊದಲು ನೀನು ಕೇಳಿದ ಹಾಗೆಯೇ ಅದನ್ನು ಮುಂದಿಡು, ಆಮೇಲೆ ನಿನ್ನ ಬುದ್ಧಿಗೆ ತೋರಿದಂತೆ ಬೆಳೆಸು, ಎಂಬ ಬುದ್ಧಿವಾದವನ್ನು ಹೇಳಿದರು. ೧೯೪೧ರಲ್ಲಿ ನುಡಿಸಲ್ಪಟ್ಟ 'ವಪಾಂಗೋ' ಎಂಬ ಕೃತಿಯು ಅದರ ಫಲ. ಇಂದು ಮೆಕ್ಸಿಕೋದವರು ಅದನ್ನು ತಮ್ಮ ಎರಡನೆಯ ರಾಷ್ಟ್ರಗೀತೆಯಂತೆ ಎಣಿಸುವರು. ಬ್ಯಾಂಡುಗಳೂ ಅದನ್ನು ನುಡಿಸುವವು. ಕೊನೆಯ ಭಾಗದಲ್ಲಿ ಟ್ರಾಂಬೋನೂ ತುತ್ತೂರಿಯೂ ಒಂದಕ್ಕೊಂದು ಸವಾಲು ಜವಾಬು ಹೇಳುವದನ್ನು ಕೇಳಿದರೆ ಹಳ್ಳಿಯ ಇಬ್ಬರು ಹಾಡುಗಾರರು ಪೈಪೋಟಿಗೆ ನಿಂತಂತೆಯೇ ಇರುವದು.

ಇದನ್ನು ಓದಿದಾಗ ನಮಗೆ ಒಂದು ಹಳೆಯ ತಪ್ಪು ನೆನಪಾಯಿತು. ನಾವು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗಿ ತನ್ನ ಅಜ್ಜಿಯಿಂದ ಕಲಿತ ಬೀಸುವ ಕಲ್ಲಿನ ಹಾಡನ್ನು ಹಾಡಿ ತೋರಿಸಿದಳು. ನಾವು ಹಾರ್ಮೋನಿಯಮ್ಮಿನ ಮುಂದೆ ಕುಳಿತು ಸ್ವರ ಬರೆಯತೊಡಗಿದೆವು. ಎರಡನೆಯ ಸಾರಿ ಹಾಡಿದಾಗ ಸ್ವರ ಬೇರೆ. ಮೂರನೆಯ ಸಾರಿ ಇನ್ನೂ ಬೇರೆ. "ಸರಿಯಾಗಿ ನೆನಪು ಮಾಡಿಕೊಂಡು ಬಾ, ಮಗಳೇ" ಎಂದು ಕಳುಹಿಸಿಬಿಟ್ಟೆವು. ಅವಳು ಮತ್ತೆ ಆ ಮಾತನ್ನು ಎತ್ತಲಿಲ್ಲ. ಆ ವರ್ಷದ ವಾರ್ಷಿಕೋತ್ಸವದಲ್ಲಿ ನಾಲ್ಕು ಧ್ವನಿಯ ಒಂದು ಇಂಗ್ಲಿಷ್ ಗೀತವನ್ನು ಹಾಡಿಸಿ ಎಲ್ಲರ ಮೆಚ್ಚಿಕೆ ಪಡೆದೆವು. ಬೀಸುವ ಹಾಡು ಕಾಳಿನ ಮೇಲೆ, ಕೈಯ ದಣಿವಿನ ಮೇಲೆ ಹೋಗುವದೆಂದೂ, ಪ್ರತಿ ಸಾರಿಯೂ ಬೇರೆಯಾಗುವದೇ ಅದರ ಸರಿಯೆಂದೂ ನಮಗೆ ತಿಳಿದಿರಲಿಲ್ಲ. ಅಜ್ಜಿ ಈಗ ಇಲ್ಲ. ಕೆಲವು ವರ್ಷಗಳ ಮೇಲೆ ಆ ಹುಡುಗಿಯನ್ನು ಕಂಡು ಹಾಡನ್ನು ಕೇಳಿದಾಗ, ಮೊದಲಿನ ಎರಡು ಸಾಲು ಮಾತ್ರ ನೆನಪಿದೆಯೆಂದು ನಕ್ಕಳು.

ಇತ್ತೀಚಿನ ಕೃತಿಗಳಲ್ಲಿ ಅರ್ತೂರೋ ಮಾರ್ಕೆಸ್ ಅವರು ೧೯೯೪ರಲ್ಲಿ ರಚಿಸಿದ ಎರಡನೆಯ 'ದಾನ್ಸೋನ್' ಎಂಬದು ಬಹು ಪ್ರಸಿದ್ಧವಾಗಿ, ಬ್ಯಾಂಡಿಗೂ ಅಳವಟ್ಟಿದೆ. ದಾನ್ಸೋನ್ ಕ್ಯೂಬಾ ದ್ವೀಪದಲ್ಲಿ ಹುಟ್ಟಿ, ವೆರಾಕ್ರೂಸ್ ರೇವಿನಲ್ಲಿಳಿದು, ಮೆಕ್ಸಿಕೋದ್ದೇ ಆಗಿಹೋದ ಜೋಡಿ ನೃತ್ಯ. ಅಲ್ಲಿಯ ಚೌಕಗಳಲ್ಲಿ ಮುದುಕ ಮುದುಕಿಯರು ಈಗಲೂ ಅದನ್ನು ಗಂಭೀರವಾಗಿ ಕುಣಿಯುವರು.

ಬ್ಯಾಂಡು ಅಲ್ಲಿಗೆ ಹೊರಗಿನಿಂದ ಹೋದ ಅತಿಥಿಯೆಂದು ಯಾರೂ ಎಣಿಸಬಾರದು. ಹತ್ತೊಂಬತ್ತನೆಯ ಶತಮಾನದಿಂದಲೇ ಅಲ್ಲಿಯ ಊರೂರಿನ ಚೌಕದಲ್ಲಿ ಬ್ಯಾಂಡಿಗೊಂದು ಮಂಟಪವಿದೆ. ೧೮೮೪ರಲ್ಲಿ ಪ್ರಾರಂಭವಾದ ನ್ಯೂ ಆರ್ಲಿಯನ್ಸ್ ನಗರದ ಮಹಾಪ್ರದರ್ಶನಕ್ಕೆ ಮೆಕ್ಸಿಕೋದ ಅಶ್ವದಳದ ಬ್ಯಾಂಡು ಹೋಗಿ ಅಮೆರಿಕದವರನ್ನು ಬೆರಗುಗೊಳಿಸಿತು. ಒಅಹಾಕಾ ಎಂಬ ದಕ್ಷಿಣದ ಪ್ರಾಂತ್ಯದಲ್ಲಂತೂ ಬೆಟ್ಟದ ಹಳ್ಳಿಗಳಿಗೂ ತಮ್ಮದೇ ಬ್ಯಾಂಡು ಉಂಟು. ಅದು ಊರಿನ ಸೊತ್ತು. ಹಬ್ಬಕ್ಕೂ ಮಣ್ಣಿಗೂ ಅದೇ ಬೇಕು. ಒಂದು ಹಳ್ಳಿಯ ಬ್ಯಾಂಡು ನೆರೆಹಳ್ಳಿಯ ಹಬ್ಬಕ್ಕೆ ಹೋಗಿ ನುಡಿಸಿದರೆ, ಹಣ ಕೇಳುವದಿಲ್ಲ. ಅನ್ನ ಆಸರೆಗಳನ್ನು ಕೊಟ್ಟು, ಮುಂದೆ ತಮ್ಮ ಬ್ಯಾಂಡನ್ನು ಅಲ್ಲಿಗೆ ಕಳುಹಿಸಿ ಋಣ ತೀರಿಸುವರು. ನಮ್ಮ ರೈತರಲ್ಲಿಯ ಮುಯ್ಯಾಳಿನ ಪದ್ಧತಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೧೮೬೮ರಲ್ಲಿ ಅಲ್ಲಿಯವರಾದ ಮಸೆದೋನಿಯೋ ಅಲ್ಕಲಾ ರಚಿಸಿದ 'ದೇವರು ಎಂದಿಗೂ ಸಾಯುವದಿಲ್ಲ' ಎಂಬ ಹೆಸರಿನ ವಾಲ್ಟ್ಸ್ ಆ ಪ್ರಾಂತ್ಯದ ಗೀತೆಯಾಗಿದೆ; ಅದನ್ನು ನುಡಿಸಿದಾಗ ಜನರು ಎದ್ದು ನಿಲ್ಲುವರು, ಶವದ ಹಿಂದೆಯೂ ಅದನ್ನು ನುಡಿಸುತ್ತಾ ನಡೆಯುವರು.

ಈ ಬ್ಯಾಂಡುಗಳು ಬಹು ಕಾಲ ಗಂಡಸರದ್ದಾಗಿಯೇ ಇದ್ದವು. ತುತ್ತೂರಿ, ಟ್ಯೂಬಾಗಳು ಹೆಣ್ಣುಮಕ್ಕಳಿಗೆ ತಕ್ಕವಲ್ಲವೆಂಬ ಮಾತು ಅಲ್ಲಿಯೂ ಇತ್ತು. ಒಅಹಾಕಾದ ಮೀಹೆ ಜನರ ತ್ಲಾವಿತೊಲ್ತೆಪೆಕ್ ಎಂಬ ಬೆಟ್ಟದ ಊರಿನಲ್ಲಿ ಈಗ ಹುಡುಗರೂ ಹುಡುಗಿಯರೂ ಒಟ್ಟಿಗೆ ಕಲಿಯುವ ಸಂಗೀತಶಾಲೆಯುಂಟು. ಅದೇ ಊರಿನಲ್ಲಿ ಹೆಂಗಸರೇ ಸೇರಿ ಕಟ್ಟಿದ ಒಂದು ಬ್ಯಾಂಡೂ ಉಂಟು. ಅದರ ಹೆಸರನ್ನು ಕನ್ನಡಿಸಿದರೆ 'ಹೂಬಿಟ್ಟ ಗಾಳಿಯ ಹೆಂಗಸರು' ಎಂದಾಗುವದು. ತಮ್ಮ ಜನರ ಕಸೂತಿಯ ಅಂಗಿಗಳನ್ನು ತೊಟ್ಟು, ಕ್ಲಾರಿನೆಟ್, ತುತ್ತೂರಿ, ಟ್ಯೂಬಾ, ಡೋಲುಗಳನ್ನು ತಾವೇ ಹೊತ್ತು, ತಮ್ಮ ಬೆಟ್ಟದ ಸೋನ್‌ಗಳನ್ನು ನುಡಿಸುವರು. ಅವರ ಧ್ವನಿಮುದ್ರಿಕೆಯನ್ನು ಮುಂದಿನ ಅವಧಿಯ ಮೊದಲನೆಯ ಸಂಗೀತ ಪಾಠಕ್ಕೆ ಇಟ್ಟುಕೊಂಡಿದ್ದೇವೆ. ಆ ದಿನ ಬರುವ ವಿದ್ಯಾರ್ಥಿನಿಯರು ತಮ್ಮ ಮನೆಯ ಹಿರಿಯರಿಂದ ಕೇಳಿದ ಒಂದೊಂದು ಹಾಡನ್ನು, ಕೇಳಿದ ಹಾಗೆಯೇ, ತರಬೇಕೆಂದು ಕೋರುತ್ತೇವೆ. ಹಾರ್ಮೋನಿಯಮ್ ಮುಚ್ಚಿಯೇ ಇರುವದು.